ಆನೆಗೊಂದಿ ಕಡೆ ತನಿಫಾ ಜಿಯೋಕ್ಯಾಶ್: ಹೊಳೆದಂಡೆ ಬಂಡೆ ಸಂದಿಯಲ್ಲಿ ಇಡಬಹುದಾ?

ಹೊಳಿದಂಡಿ (ಗಂಗಾವತಿ):
ಎಲ್ಲರಿಗೂ ನಮಸ್ಕಾರ್ರಿ. ನ್ಯೂಜಿಲ್ಯಾಂಡಿನ ಮಾವೋರಿ ಜನರ ತನಿಫಾ ಕಥಿ ಇಟ್ಕೊಂಡು ಒಂದು ಜಿಯೋಕ್ಯಾಶ್ (ಜಿಪಿಎಸ್ ಹಿಡಿದು ಹುಡುಕೋ ಆಟಕ್ಕ ಬಚ್ಚಿಡೋ ಡಬ್ಬಿ) ಮಾಡೋ ವಿಚಾರ ಐತಿ. ತನಿಫಾ ಅಂದ್ರ ಆಳದ ಮಡುವಿನಾಗ, ಸುಳಿ ಇರೋ ತಿರುವಿನಾಗ ವಾಸ ಮಾಡೋ ಜಲಜೀವಿ. ಆನೆಗೊಂದಿ-ಸಣಾಪುರ ನಡುವ ತುಂಗಭದ್ರಾ ದಂಡಿಗೆ ಅಂಥ ಜಾಗ ಬೇಕಾದಷ್ಟು ಅದಾವ. 1 ಲೀಟರ್ ಪ್ಲಾಸ್ಟಿಕ್ ಡಬ್ಬಿ, ಒಳಗ ಹುಡುಕಿದವ್ರು ಹೆಸರು ಬರಿಯೋ ನೋಟ್‌ಬುಕ್, ಒಂದು ಸಣ್ಣ ಮಣ್ಣಿನ ಗೊಂಬಿ ಅಂತ ಅಂದ್ಕೊಂಡೀನಿ. ನೀರಿನ ಅಂಚಿಗೆ ಬಂಡಿ ಸಂದ್ಯಾಗ ಇಟ್ರ ಮಳಿಗಾಲ ತಡೀತದನು? ಮಂಗ್ಯಾಗಳ ಕಾಟಕ್ಕ ಏನು ಉಪಾಯ?

ಮುನಿರಾಬಾದ್ ಮಟ್ಟ:
ನೀರಿನ ಅಂಚು ಬೇಡವೇ ಬೇಡ. ಆ ಜಾಗ ತುಂಗಭದ್ರಾ ಡ್ಯಾಮಿನ ಕೆಳಗಿದೆ ಅನ್ನೋದು ಮೊದಲು ನೆನಪಿರಲಿ. ಮಲೆನಾಡಲ್ಲಿ ಮಳೆ ಜೋರಾದರೆ ನಿಮ್ಮಲ್ಲಿ ಬಿಸಿಲಿದ್ದಾಗಲೂ ಕ್ರೆಸ್ಟ್ ಗೇಟ್ (ಡ್ಯಾಮಿನ ಮೇಲ್ಭಾಗದ ಬಾಗಿಲು) ಎತ್ತುತ್ತಾರೆ. ಒಟ್ಟು 33 ಗೇಟ್ ಇವೆ. 2024ರ ಆಗಸ್ಟ್ 10ರ ರಾತ್ರಿ 19ನೇ ಗೇಟಿನ ಚೈನ್ ತುಂಡಾಗಿ ಗೇಟೇ ಕೊಚ್ಚಿಹೋಯಿತು, ಹೊಳೆ ಎಷ್ಟು ಏರಿತು ಅಂತ ದಂಡೆಯವರಿಗೆ ಗೊತ್ತು. 1 ಲೀಟರ್ ಡಬ್ಬಿ ಮುಳುಗಿದರೆ ನೀರು ಅದನ್ನ ಸುಮಾರು 1 ಕೆ.ಜಿ. ಬಲದಿಂದ ಮೇಲೆ ತಳ್ಳುತ್ತದೆ. ಡಬ್ಬಿ ತೂಗೋದು ಕಾಲು ಕೆ.ಜಿ. ಇರಬಹುದು. ಮೇಲೆ ಹೇರಿದ ಕಲ್ಲು ಪಕ್ಕಕ್ಕೆ ಸರಿದು ಡಬ್ಬಿ ಕಂಪ್ಲಿ ದಾಟುತ್ತದೆ.

ನೆರೆ ಎಲ್ಲಿವರೆಗೆ ಬಂದಿತ್ತು ಅಂತ ಬಂಡೆಯೇ ಹೇಳುತ್ತದೆ: ಬಣ್ಣ ಬದಲಾದ ಗೆರೆ, ಪೊದೆಗೆ ಸಿಕ್ಕಿಬಿದ್ದ ಒಣಹುಲ್ಲು, ಚಿಂದಿ ಬಟ್ಟೆ. ಎಲ್ಲಕ್ಕಿಂತ ಮೇಲಿನ ಗುರುತು ಹಿಡಿದು ಅಲ್ಲಿಂದ ಕನಿಷ್ಠ 3 ಮೀಟರ್ ಎತ್ತರದಲ್ಲಿ ಇಡಿ. ಅಲ್ಲಿಗೆ ಹೋಗೋ ದಾರಿಯೂ ಹಳ್ಳ ದಾಟುವಂತಿರಬಾರದು.

ಇನ್ನೊಂದು ಮಾತು. ಮುದ್ಲಾಪುರದಿಂದ ಕಂಪ್ಲಿವರೆಗಿನ 34 ಕಿ.ಮೀ. ಹೊಳೆ 2015ರಿಂದ ನೀರುನಾಯಿ ಸಂರಕ್ಷಣಾ ಮೀಸಲು. ಅವು ಮರಿ ಹಾಕೋದು ಇಂಥದೇ ಬಂಡೆ ಸಂದಿಗಳಲ್ಲಿ. ಆನೆಗೊಂದಿ ಹಂಪಿ ಪಾರಂಪರಿಕ ಪ್ರದೇಶಕ್ಕೂ ಸೇರುತ್ತದೆ. ಮಂಟಪ, ಕೋಟೆಗೋಡೆ, ನವಬೃಂದಾವನದ ನಡುಗಡ್ಡೆ ಯಾವುದೂ ಬೇಡ. ಹೊಳೆ ಕಾಣೋ ಹಾಗೆ ದಿಬ್ಬದ ಮೇಲಿರೋ ಯಾರದಾದರೂ ಹೊಲದ ಬದು ಹುಡುಕಿ, ಮಾಲೀಕರ ಒಪ್ಪಿಗೆ ಬರಹದಲ್ಲಿ ತಗೊಳ್ಳಿ. ಕ್ಯಾಶ್ ಪ್ರಕಟಿಸೋ ಮುಂಚೆ ಪರಿಶೀಲಿಸೋ ರಿವ್ಯೂವರ್ ಕೇಳಿದರೆ ತೋರಿಸಬಹುದು.

ರಾಯಚೂರು ನಕ್ಷೆ:
ಮೇಲಿನವರ ಮಾತು ಖರೆ. ಡಬ್ಬಿ ಬಗ್ಗೆ ಹೇಳ್ತೀನಿ. ನಾಲ್ಕು ಕಡೆ ಕ್ಲಿಪ್ ಇರೋ ಅಡುಗೆಮನೆ ಡಬ್ಬಿ ನಮ್ಮ ಬಿಸಿಲಿಗೆ ತಡೆಯೋದಿಲ್ಲ. ಕ್ಲಿಪ್ಪಿನ ಮಡಿಕೆ ಬಿಸಿಲಿಗೆ ಒಣಗಿ ಸೀಳ್ತದೆ, ಆಮೇಲೆ ಒಂದೇ ಮಳೆಗೆ ಪುಸ್ತಕ ಮುದ್ದೆ. ದಪ್ಪ ಎಚ್‌ಡಿಪಿಇ (ಗಟ್ಟಿ ಪ್ಲಾಸ್ಟಿಕ್) ಜಾರ್, ತಿರುಪಿನ ಮುಚ್ಚಳ, ಒಳಗೆ ರಬ್ಬರ್ ರಿಂಗ್ ಇರೋದು ತಗೋರಿ. ಉಪ್ಪಿನಕಾಯಿ ಹಾಕಿದ್ದ ಜಾರ್ ಮಾತ್ರ ಬೇಡ. ಎಷ್ಟು ತೊಳೆದರೂ ವಾಸನೆ ಉಳೀತದೆ, ಮಂಗಕ್ಕೆ ಅಷ್ಟು ಸಾಕು. ಚಾಕಲೇಟು, ಬಿಸ್ಕತ್ತು ಹಾಕೋದು ನಿಯಮದಲ್ಲೂ ಇಲ್ಲ. ಒಳಗೆ ಪೆನ್ ಬೇಡ, ಪೆನ್ಸಿಲ್ ಇಡಿ. ಪುಸ್ತಕ ಜಿಪ್ ಕವರಿನಲ್ಲಿರಲಿ, ಜೊತೆಗೆ ತೇವ ಹೀರೋ ಸಿಲಿಕಾ ಜೆಲ್.

ಹೂಳೋದು, ಬಂಡೆಗೆ ಸಿಮೆಂಟು ಹಚ್ಚೋದು, ಮರಕ್ಕೆ ಮೊಳೆ ಹೊಡೆಯೋದು ಮಾಡಬಾರದು. ಹತ್ತಿರದಲ್ಲಿ ಬೇರೆ ಜಿಯೋಕ್ಯಾಶ್ ಇದ್ದರೆ 161 ಮೀಟರ್ ಅಂತರ ಬೇಕು.

ಕೋಆರ್ಡಿನೇಟ್‌ನಲ್ಲಿ (ಜಾಗದ ಅಕ್ಷಾಂಶ-ರೇಖಾಂಶ) ಬಹಳ ಜನ ಎಡವೋದು ಇಲ್ಲಿ: ಫೋನಿನ ನಕ್ಷೆ 15.3512 ಅಂತ ತೋರಿಸ್ತದೆ, ಜಿಯೋಕ್ಯಾಶ್ ಸೈಟಿಗೆ ಬೇಕಾಗಿದ್ದು ಡಿಗ್ರಿ ಮತ್ತು ನಿಮಿಷ. ಚುಕ್ಕಿ ನಂತರದ್ದನ್ನ 60ರಿಂದ ಗುಣಿಸ್ರಿ: 0.3512 × 60 = 21.072. ಅಂದರೆ 15° 21.072′. ಹಾಗೆ ಮಾಡದೆ 15° 35.12′ ಅಂತ ಬರೆದರೆ ಹುಡುಕೋರು 26 ಕಿ.ಮೀ. ಉತ್ತರಕ್ಕೆ ಹೋಗಿ ನಿಲ್ತಾರೆ. ನಿಮಿಷದ ಕೊನೆಯ ಅಂಕಿ ಒಂದು ಬದಲಾದರೆ ಸುಮಾರು 1.8 ಮೀಟರ್ ವ್ಯತ್ಯಾಸ. ದೊಡ್ಡ ಬಂಡೆಗಳ ನಡುವೆ ಸಿಗ್ನಲ್ ಬಡಿದು ವಾಪಸ್ ಬರೋದರಿಂದ 10-15 ಮೀಟರ್ ತಪ್ಪು ಬರಬಹುದು. ಬೇರೆ ಬೇರೆ ದಿನ, ಬೇರೆ ಬೇರೆ ಹೊತ್ತಿನಲ್ಲಿ ಅಳತೆ ತಗೊಂಡು ಸರಾಸರಿ ಹಾಕಿ.

ಹೊಳಿದಂಡಿ (ಗಂಗಾವತಿ):
ದಿಬ್ಬದ ಮ್ಯಾಲಿನ ಬದು ಸಿಕ್ಕೀತು, ಬೇಲಿ ಕಂಬನೂ ಅದಾವ. ಆದ್ರ ನೀರಿಲ್ಲದ ತನಿಫಾ ಹೆಂಗರೀ? ಕಂಬಕ್ಕ ಕಟ್ಟಿದ ಪೈಪಿಗೆ ನೀರು ಹಾಕಿದ್ರ ತನಿಫಾ ಗೊಂಬಿ ಮ್ಯಾಲ ತೇಲಿ ಬರೋ ಹಂಗ ಮಾಡಬಹುದಾ?

ಮುನಿರಾಬಾದ್ ಮಟ್ಟ:
ಒಳ್ಳೆ ಯೋಚನೆ, ಇದೇ ಸರಿ. 50 ಎಂ.ಎಂ. ಪಿವಿಸಿ ಪೈಪ್, ಅರ್ಧ ಮೀಟರ್ ಉದ್ದ. ಒಳವ್ಯಾಸ 46 ಎಂ.ಎಂ. ಸಿಕ್ಕರೆ ಸುಮಾರು 830 ಮಿ.ಲೀ. ಹಿಡಿಯುತ್ತದೆ. ತಳಕ್ಕೆ ಎಂಡ್ ಕ್ಯಾಪ್ ಇಟ್ಟು ಪೈಪ್ ಅಂಟಿಸೋ ಸಾಲ್ವೆಂಟ್ ಸಿಮೆಂಟ್ ಹಚ್ಚಿ, ಒಂದು ದಿನ ಬಿಟ್ಟು ನೀರು ತುಂಬಿಸಿ ನೋಡಿ. ಮೇಲೆ ತಿರುಪಿನ ಮುಚ್ಚಳ.

ತಳದಲ್ಲಿ 2 ಎಂ.ಎಂ.ನ ಎರಡು ತೂತು ಕೊರೆಯಿರಿ. 1 ಲೀಟರ್ ಬಾಟಲಿ ಬೇಗ ಬೇಗ ಸುರಿದರೆ ಪೈಪ್ ತುಂಬುತ್ತದೆ, ಎರಡು ಎರಡೂವರೆ ನಿಮಿಷದಲ್ಲಿ ತಾನಾಗಿ ಖಾಲಿಯಾಗುತ್ತದೆ. ತೂತು 5 ಎಂ.ಎಂ. ಮಾಡಿದರೆ ಸುರಿದಷ್ಟೂ ಸೋರಿ ತೇಲೋದು ಅರ್ಧಕ್ಕೇ ನಿಲ್ಲುತ್ತದೆ. ತೂತೇ ಇಲ್ಲದಿದ್ದರೆ ನಿಂತ ನೀರಲ್ಲಿ ಸೊಳ್ಳೆ ಮರಿ ಮಾಡುತ್ತವೆ. ಎರಡು ತೂತು ಯಾಕೆಂದರೆ ಒಂದಕ್ಕೆ ಮಣ್ಣು ಮೆತ್ತೋ ಕಣಜ ಗೂಡು ಕಟ್ಟಿದರೂ ಇನ್ನೊಂದು ಕೆಲಸ ಮಾಡಲಿ.

ಪೈಪಿನೊಳಗೆ ತನಿಫಾ ತಲೆ ಹೊತ್ತು ತೇಲೋ ಕೊಳವೆ 32 ಎಂ.ಎಂ.ಗಿಂತ ದಪ್ಪ ಇರಬಾರದು, ಸುತ್ತ 7 ಎಂ.ಎಂ. ಜಾಗ ಬೇಕು. ಅಂತರ ಕಡಿಮೆಯಾದರೆ ಧೂಳಿಗೆ ಕಚ್ಚಿಕೊಳ್ಳುತ್ತದೆ. ಕೊಳವೆಯೊಳಗೆ ಹೆಸರು ಬರೆಯೋ ಕಾಗದ ಹಾಕಿ, ಮುಚ್ಚಳ ಬಿಗಿದು ಬಕೆಟ್ಟಿನಲ್ಲಿ ಬಿಡಿ. ಮೂರನೇ ಒಂದು ಭಾಗ ನೀರಿನ ಮೇಲೆ ನಿಲ್ಲಬೇಕು. ವಾಲಿದರೆ ತಳಕ್ಕೆ ಒಂದು ಸಣ್ಣ ನಟ್ ಅಂಟಿಸಿ. ತನಿಫಾ ತಲೆಯನ್ನ ಮಣ್ಣಿನಲ್ಲಿ ಮಾಡಬೇಡಿ, ಭಾರಕ್ಕೆ ಮುಳುಗುತ್ತದೆ; ಹಳೇ ಚಪ್ಪಲಿ ರಬ್ಬರಿನಲ್ಲಿ ಕೆತ್ತಿ. ಪೈಪನ್ನ ಕಂಬಕ್ಕೆ ಸ್ಟೀಲ್ ಕ್ಲ್ಯಾಂಪ್ ಎರಡರಿಂದ ಬಿಗಿಯಿರಿ. ನೈಲಾನ್ ಹಗ್ಗವನ್ನ ಇಲಿ ಕಡಿಯುತ್ತದೆ.

ಸೈಟಿನಲ್ಲಿರೋ ಕ್ಯಾಶಿನ ಪೇಜಿನಲ್ಲಿ ದಪ್ಪಕ್ಷರದಲ್ಲಿ ಬರೀರಿ: ನೀರು ಮನೆಯಿಂದ ತನ್ನಿ, ಹೊಳೆಗೆ ಇಳಿಯಬೇಡಿ. ಮೊಸಳೆ ಇವೆ, ಪಾಚಿ ಹಿಡಿದ ಬಂಡೆ ಜಾರುತ್ತದೆ.

ಕುಷ್ಟಗಿ ಓದುಗ:
ಕಥೆಯ ಭಾಗಕ್ಕೆ ಸ್ವಲ್ಪ ಸೇರಿಸ್ತೀನಿ. ತನಿಫಾನ ಬರೀ ರಾಕ್ಷಸ ಅಂತ ಬರೆಯಬೇಡಿ. ಒಂದೊಂದು ತನಿಫಾ ಒಂದೊಂದು ಕುಲಕ್ಕೆ, ಒಂದೊಂದು ಜಾಗಕ್ಕೆ ಸೇರಿದ್ದು, ಎಷ್ಟೋ ಕಡೆ ಕಾವಲಿನ ಜೀವ. ವೆಲ್ಲಿಂಗ್ಟನ್ ಬಂದರಿನ ಙಕೆ ಮತ್ತು ಫಾತೈತೈ ಕಥೆ ಹೇಳಿ: ಮೊದಲು ಅದು ಕೆರೆ, ಙಕೆ ದಂಡೆ ಒಡೆದು ಸಮುದ್ರಕ್ಕೆ ಹೋಯಿತು, ಫಾತೈತೈ ನೀರಿಳಿದು ನೆಲದಲ್ಲೇ ಉಳಿಯಿತು. ಆದರೆ ಆ ಹೆಸರನ್ನ ತುಂಗಭದ್ರೆಗೆ ಕೊಡಬೇಡಿ, ಅವು ಅಲ್ಲಿಯವರ ಪೂರ್ವಿಕರ ನೆಲದ ಹೆಸರು. ಅವರ ಮುಖದ ಹಚ್ಚೆ ವಿನ್ಯಾಸವನ್ನೂ ಗೊಂಬೆಗೆ ಹಾಕಬೇಡಿ.

2002ರಲ್ಲಿ ಮೆರೆಮೆರೆ ಹತ್ತಿರ ವೈಕಾಟೊ ದಂಡೆಯಲ್ಲಿ ಹೆದ್ದಾರಿ ಮಾಡುವಾಗ ಅಲ್ಲಿನ ಕುಲದವರು ಇದು ತನಿಫಾ ಕರುತಾಹಿ ಇರೋ ಜೌಗು ಅಂದರು. ಕೆಲಸ ನಿಲ್ಲಿಸಿ, ಆ ಜೌಗು ಉಳಿಯೋ ಹಾಗೆ ರಸ್ತೆಯ ನಕ್ಷೆ ಬದಲಿಸಿದರು. ನೀರುನಾಯಿ ಮೀಸಲಿನ ಪಕ್ಕದ ಕ್ಯಾಶಿಗೆ ಇದಕ್ಕಿಂತ ಹೊಂದೋ ಕಥೆ ಇಲ್ಲ. ನಮ್ಮ ಅಂಬಿಗರೂ ಹರಿಗೋಲು ಇಳಿಸೋ ಮುಂಚೆ ಗಂಗಮ್ಮಗೆ ಕೈ ಮುಗೀತಾರೆ, ಅದನ್ನೂ ಒಂದು ಸಾಲು ಬರೆಯಿರಿ.

ರಾಯಚೂರು ನಕ್ಷೆ:
ಪೈಪ್ ನೋಡಿ ಯಾರಾದರೂ ಬಾಂಬ್ ಅಂದ್ಕೊಂಡಾರು. ಪಂಚಾಯಿತಿಗೂ ಠಾಣೆಗೂ ಮೊದಲೇ ತಿಳಿಸಿ, ಪೈಪಿನ ಮೇಲೆ ಕನ್ನಡದಲ್ಲಿ ‘ಜಿಯೋಕ್ಯಾಶ್ ಆಟದ ಪೈಪ್, ಅಪಾಯವಿಲ್ಲ’ ಅಂತ ಬರೆದು ಅಂಟಿಸಿ. ಹೊರದೇಶದವರು ಸ್ಯಾಟಲೈಟ್ ಮೆಸೇಜ್ ಕಳಿಸೋ ಉಪಕರಣ ಜೊತೆಗೆ ತರ್ತಾರೆ, ಅದಕ್ಕೆ ಇಲ್ಲಿ ಪರವಾನಗಿ ಬೇಕು, ಬರೀ ಜಿಪಿಎಸ್‌ಗೆ ಅಡ್ಡಿಯಿಲ್ಲ ಅಂತ ಪೇಜಿನಲ್ಲಿ ಹಾಕಿ. ಕರಡಿ, ಚಿರತೆ ಓಡಾಡೋ ಗುಡ್ಡದ ಸಾಲು ಅದು, ‘ಹಗಲು ಮಾತ್ರ’ ಅನ್ನೋ ಗುರುತು ಬಿಡಬೇಡ್ರಿ. ಡ್ಯಾಮಿನಿಂದ ನೀರು ಬಿಟ್ಟ ದಿನಗಳಲ್ಲಿ ಸೈಟಿನ ಆ ಪೇಜನ್ನ ತಾತ್ಕಾಲಿಕವಾಗಿ ನಿಲ್ಲಿಸಿ, ನೀರು ಇಳಿದ ಮೇಲೆ ದಾರಿ ನೋಡ್ಕೊಂಡು ಬಂದು ತೆರೆಯಿರಿ.