ಮೊರಾಕೊದ ಸೋಲಿಗೂ ಗೋವಾದ ದೊರೆ ಬದಲಾದದ್ದಕ್ಕೂ ನಂಟು?

ಪಣಜಿ ಓದುಗ: ಹಳೇ ಗೋವಾ ನೋಡಲು ಬರುವ ನಮ್ಮ ಕನ್ನಡ ಸಂಘದವರಿಗೆ ಟಿಪ್ಪಣಿ ಬರೆಯುತ್ತಿದ್ದೇನೆ. 1580ರಿಂದ 1640ರವರೆಗೆ ಗೋವಾ ಸ್ಪೇನಿನ ದೊರೆಗಳ ಕೈಗೆ ಹೋದದ್ದಕ್ಕೆ ಮೊರಾಕೊ ಯುದ್ಧವೇ ಕಾರಣ ಎನ್ನಬಹುದೇ? ಪೋರ್ಚುಗೀಸರು ಅಲ್ಲಿ ಸೋತದ್ದು ಹೇಗೆ?

ಮಡಗಾಂವ್ ಕನ್ನಡಿಗ: 1578ರ ಆಗಸ್ಟ್ 4, ಅಲ್ ಕಸರ್ ಅಲ್ ಕಬೀರ್ ಕಾಳಗ. ಪೋರ್ಚುಗಲ್ ದೊರೆ ಸೆಬಾಸ್ಟಿಯನ್‌ಗೆ ಆಗ 24 ವರ್ಷ, ಮಕ್ಕಳಿಲ್ಲ. ಪಟ್ಟ ಕಳೆದುಕೊಂಡಿದ್ದ ಮೊರಾಕೊದ ಸುಲ್ತಾನ ಅಲ್ ಮುತವಕ್ಕಿಲನನ್ನು ಮತ್ತೆ ಕೂರಿಸುವುದು ನೆಪ. ಗುರಿ ಲರಾಶ್ ಬಂದರು. ಸಮುದ್ರದ ದಾರಿ ಇತ್ತು, ಆದರೂ ಕರಾವಳಿಯ ಅರ್ಜೀಲಾದಿಂದ ಒಳನಾಡಿಗೆ ನಡೆದ. ಕೆಟ್ಟದ್ದೇ ಅಲ್ಲಿ: ಸುಡುಬಿಸಿಲು, ದಿನಸಿಯ ಕೊರತೆ, ಹಡಗುಗಳ ನೆರವು ದೂರ. ಹೊಳೆ ದಾಟಿ ನಿಂತ ಮೇಲೆ ಹಿಂದೆ ಸರಿಯುವುದೂ ಕಷ್ಟವಾಯಿತು. ಮೊರಾಕೊದ ಕುದುರೆಪಡೆ ಅರ್ಧಚಂದ್ರಾಕಾರದಲ್ಲಿ ಎರಡೂ ಬದಿಯಿಂದ ಸುತ್ತುವರಿಯಿತು. ಸೆಬಾಸ್ಟಿಯನ್ ಸತ್ತ, ಮುತವಕ್ಕಿಲ್ ಹೊಳೆಯಲ್ಲಿ ಮುಳುಗಿದ. ಎದುರಾಳಿ ಸುಲ್ತಾನ ಅಬ್ದ್ ಅಲ್ ಮಲಿಕ್ ಮೊದಲೇ ಕಾಯಿಲೆಯವನು, ಕಾಳಗದ ನಡುವೆಯೇ ತೀರಿಕೊಂಡ. ಸುದ್ದಿ ಸೈನ್ಯಕ್ಕೆ ಗೊತ್ತಾಗದಂತೆ ಮುಚ್ಚಿಟ್ಟರು. ಮಲಿಕನ ತಮ್ಮ ಅಹ್ಮದ್ ಅಲ್ ಮನ್ಸೂರ್ ಪಟ್ಟಕ್ಕೆ ಬಂದ, ಪೋರ್ಚುಗೀಸ್ ಸೆರೆಯಾಳುಗಳನ್ನು ಬಿಡಿಸಲು ಬಂದ ಹಣದಿಂದ ಅವನ ಖಜಾನೆ ತುಂಬಿತು.

ವಾಸ್ಕೋ: 'ಕಾರಣ' ಸರಿ, 'ನೇರ ಕಾರಣ' ಬೇಡ. ನಡುವೆ ಸೆಬಾಸ್ಟಿಯನ್‌ನ ಅಜ್ಜನ ತಮ್ಮ, ಚರ್ಚಿನ ಹಿರಿಯ ಗುರುವಾಗಿದ್ದ ಮುದುಕ ಕಾರ್ಡಿನಲ್ ಹೆನ್ರಿ ಪೋರ್ಚುಗಲ್ ಆಳಿದ. 1580ರಲ್ಲಿ ಅವನೂ ವಾರಸುದಾರರಿಲ್ಲದೆ ಸತ್ತ ಮೇಲೆ ಸ್ಪೇನಿನ ದೊರೆ ಎರಡನೇ ಫಿಲಿಪ್ ಪೋರ್ಚುಗಲ್ ಪಟ್ಟಕ್ಕೆ ಹಕ್ಕು ಸಾಧಿಸಿದ. 'ಸ್ಪೇನಿನ ಆಡಳಿತ' ಅಂತಲೂ ಬರೆಯಬೇಡಿ ಸರ್, ಗೋವಾದ ಆಡಳಿತ ಪೋರ್ಚುಗೀಸ್ ಅಧಿಕಾರಿಗಳ ಕೈಯಲ್ಲೇ ಉಳಿಯಿತು.

ದಾದರ್: ನಮ್ಮ ಮುಂಬೈಯನ್ನೂ ಸೇರಿಸಿ. 1661ರಲ್ಲಿ ಇಂಗ್ಲೆಂಡಿನ ದೊರೆ ಎರಡನೇ ಚಾರ್ಲ್ಸ್ ಜತೆಗಿನ ಮದುವೆ ಒಪ್ಪಂದದಲ್ಲಿ ಪೋರ್ಚುಗಲ್ ರಾಜಕುಮಾರಿ ಕ್ಯಾಥರೀನ್‌ಳ ಬಳುವಳಿಯಾಗಿ ಮುಂಬೈ, ಮೊರಾಕೊ ಕರಾವಳಿಯ ಟ್ಯಾಂಜಿಯರ್ ಎರಡೂ ಇಂಗ್ಲಿಷರಿಗೆ ಹೋದವು. ಟ್ಯಾಂಜಿಯರ್ ಮೇಲೆ ಮೊರಾಕೊದ ಸುಲ್ತಾನ ಮೌಲೆ ಇಸ್ಮಾಯಿಲನ ಪಡೆಗಳ ಒತ್ತಡ, ಜತೆಗೆ ವಿಪರೀತ ಖರ್ಚು. 1684ರಲ್ಲಿ ಇಂಗ್ಲಿಷರು ಬಂದರಿನ ಅಲೆತಡೆ ಕಟ್ಟೆಯನ್ನು ತಾವೇ ಒಡೆದು ಟ್ಯಾಂಜಿಯರ್ ಬಿಟ್ಟರು.