ಪಾಪ್‌ನಿಂದ ಐಮ್ಯಾಪ್‌ಗೆ ಹೋದರೆ ಹಳೇ ಮೇಲ್ ಉಳಿಯುತ್ತಾ?

ಪ್ರಶ್ನೆ:
ಸರ್, ನಮ್ಮದು ಗದಗಿನಲ್ಲಿ ಸಣ್ಣ ಪ್ರಿಂಟಿಂಗ್ ಪ್ರೆಸ್. ಮದುವೆ ಕಾರ್ಡ್, ಬಿಲ್ ಬುಕ್, ಶಾಲೆಯ ರಸೀದಿ ಪುಸ್ತಕ, ಇಂಥ ಕೆಲಸ. ಆರ್ಡರ್ ಜಾಸ್ತಿ ಬರುವುದು ಮೇಲ್‌ನಲ್ಲೇ, ನಮ್ಮದೇ ಡೊಮೈನ್ ಇದೆ. ಅಂಗಡಿ ಕಂಪ್ಯೂಟರ್‌ನಲ್ಲಿ ಮೇಲ್ ನೋಡಲು ಔಟ್‌ಲುಕ್ ಇದೆ, 2014ರಲ್ಲಿ ಮಾವನವರು ಯಾರ ಕೈಲೋ ಹಾಕಿಸಿದ್ದು. ಈಗ ನಾನು ಫೋನ್‌ಗೂ ಅದೇ ಮೇಲ್ ಹಾಕಿಕೊಂಡಿದ್ದೇನೆ. ಆದರೆ ಫೋನ್‌ನಲ್ಲಿ ಎರಡು ವಾರದಷ್ಟೇ ಮೇಲ್ ಇರುತ್ತದೆ, ಅದಕ್ಕಿಂತ ಹಿಂದಿನದು ಮಾಯ. ಅಂಗಡಿಯಿಂದ ಕಳಿಸಿದ ಪ್ರೂಫ್ (ಅಚ್ಚಿಗೆ ಮುಂಚಿನ ಮಾದರಿ) ಫೋನ್‌ನ ಸೆಂಟ್‌ನಲ್ಲಿ ಕಾಣುವುದೇ ಇಲ್ಲ. ಡೊಮೈನ್ ಕೊಟ್ಟವರಿಗೆ ಕೇಳಿದರೆ "ಪಾಪ್ ತೆಗೆದು ಐಮ್ಯಾಪ್ ಮಾಡ್ಕೊಳ್ಳಿ ಮೇಡಂ, ಐದು ನಿಮಿಷದ ಕೆಲಸ" ಅಂದು ಫೋನ್ ಇಟ್ಟರು. ಮಾಡಲಾ? ಇಷ್ಟು ವರ್ಷದ ಮೇಲ್ ಹೋದರೆ ಮಾವನವರು ನನ್ನನ್ನು ಸುಮ್ನೆ ಬಿಡುವುದಿಲ್ಲ.

ಉತ್ತರ:
ಇವತ್ತೇ ಮಾಡಬೇಡಿ ಮೇಡಂ. ಐದು ನಿಮಿಷದ ಕೆಲಸ ಅನ್ನುವುದು ಸುಳ್ಳಲ್ಲ, ಆದರೆ ಅದಕ್ಕೆ ಮುಂಚೆ ಒಂದು ಗಂಟೆಯ ಕೆಲಸ ಇದೆ, ಆಮೇಲೆ ಒಂದೆರಡು ರಾತ್ರಿಯದ್ದಿದೆ.

ಮೊದಲು ನಿಮ್ಮ ಮೇಲ್ ಎಲ್ಲಿ ಹೋಗುತ್ತಿದೆ ಅಂತ ನೋಡೋಣ. ಪಾಪ್‌ನ ಪೂರ್ತಿ ಹೆಸರೇ ಪೋಸ್ಟ್ ಆಫೀಸ್ ಪ್ರೊಟೊಕಾಲ್, 1984ರಷ್ಟು ಹಳೆಯದು. ಹೆಸರಿಗೆ ತಕ್ಕ ಹಾಗೆ, ಟಪಾಲು ಬಂತು, ನೀವು ಹೋಗಿ ತಂದಿರಿ, ಅಲ್ಲಿಗೆ ಪೋಸ್ಟ್ ಆಫೀಸಿನ ಕೆಲಸ ಮುಗಿಯಿತು. ಮನೆಗೆ ಒಂದೇ ಕಂಪ್ಯೂಟರ್ ಇದ್ದ ಕಾಲಕ್ಕೆ ಅದು ಸರಿಯಾಗಿತ್ತು. ಐಮ್ಯಾಪ್ ಬೇರೆ. ಮೇಲ್ ಸರ್ವರ್‌ನಲ್ಲೇ, ಅಂದರೆ ಡೊಮೈನ್‌ನವರ ಕಂಪ್ಯೂಟರ್‌ನಲ್ಲೇ ಇರುತ್ತದೆ, ಕಂಪ್ಯೂಟರ್, ಫೋನ್ ಎಲ್ಲವೂ ಅದನ್ನೇ ನೋಡುತ್ತವೆ. ಇದೇನು ಹೊಸದಲ್ಲ, 1986ರಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ಮಾರ್ಕ್ ಕ್ರಿಸ್ಪಿನ್ ಶುರು ಮಾಡಿದ್ದು. ಅಂದರೂ ನಮ್ಮ ಕಡೆ ಅಂಗಡಿಗಳಲ್ಲಿ ಇವತ್ತಿಗೂ ಪಾಪ್ ಹಾಕಿ ಹೋಗುತ್ತಾರೆ!

ನೀವು ಹೇಳಿದ "ಎರಡು ವಾರ" ಅನ್ನುವ ಮಾತಲ್ಲೇ ಕಳ್ಳ ಸಿಕ್ಕಿದ. ಔಟ್‌ಲುಕ್‌ನ ಪಾಪ್ ಅಕೌಂಟ್‌ನಲ್ಲಿ ಅಡ್ವಾನ್ಸ್ಡ್ ಅನ್ನುವ ಟ್ಯಾಬ್ ಇದೆ. ಅಲ್ಲಿ ಎರಡು ಟಿಕ್. ಮೇಲಿನದು, ಮೇಲ್‌ನ ಒಂದು ಕಾಪಿ ಸರ್ವರ್‌ನಲ್ಲಿ ಬಿಡು ಅಂತ. ಅದರ ಕೆಳಗಿನದು, 14 ದಿನ ಆದ ಮೇಲೆ ಸರ್ವರ್‌ನಿಂದ ತೆಗೆದುಹಾಕು ಅಂತ. ಹಾಕಿದವರು ಆ 14 ಅನ್ನು ಮುಟ್ಟೇ ಇಲ್ಲ. ನಿಮ್ಮ ಫೋನ್ ಐಮ್ಯಾಪ್‌ನಲ್ಲಿ ಇರಬೇಕು, ಸರ್ವರ್‌ನಲ್ಲಿ ಇದ್ದಷ್ಟನ್ನು ತೋರಿಸುತ್ತಿದೆ. ಅಂಗಡಿ ಕಂಪ್ಯೂಟರ್ ಹಿಂದಿನಿಂದ ಗುಡಿಸುತ್ತಾ ಬರುತ್ತಿದೆ. ಅಂದರೆ 2014ರಿಂದ ಬಂದ ಮೇಲ್, ಕಳಿಸಿದ ಮೇಲ್, ಎಲ್ಲ ಈಗ ಇರುವುದು ಒಂದೇ ಕಡೆ, ಆ ಕಂಪ್ಯೂಟರ್‌ನ ಒಂದೇ ಫೈಲ್‌ನಲ್ಲಿ. ಹಾರ್ಡ್ ಡಿಸ್ಕ್ ಕೈಕೊಟ್ಟರೆ ಡೊಮೈನ್‌ನವರ ಹತ್ತಿರವೂ ಆ ಎರಡು ವಾರದ್ದು ಬಿಟ್ಟು ಏನೂ ಇಲ್ಲ.

ಈಗಲೇ ಆ ಕೆಳಗಿನ ಟಿಕ್ ತೆಗೆಯಿರಿ. ಕೆಳಗಿನದು ಮಾತ್ರ! ಗಡಿಬಿಡಿಯಲ್ಲಿ ಮೇಲಿನದನ್ನು ತೆಗೆದರೆ ಮುಂದಿನ ಸಲ ಮೇಲ್ ಇಳಿಸುವಾಗ ಸರ್ವರ್‌ನಲ್ಲಿ ಉಳಿದದ್ದೂ ಖಾಲಿ ಆಗುತ್ತದೆ.

ಆಮೇಲೆ ಬ್ಯಾಕಪ್. ಫೈಲ್ ಮೆನು, ಅಕೌಂಟ್ ಸೆಟ್ಟಿಂಗ್ಸ್, ಡೇಟಾ ಫೈಲ್ಸ್. ನಿಮ್ಮ ಮೇಲ್ ಎಲ್ಲ ತುಂಬಿರುವ ಆ ಒಂದೇ ಫೈಲ್, ಅಂದರೆ ಪಿಎಸ್‌ಟಿ ಫೈಲ್, ಯಾವ ಫೋಲ್ಡರ್‌ನಲ್ಲಿದೆ ಅಂತ ಅಲ್ಲೇ ಕಾಣುತ್ತದೆ. ಔಟ್‌ಲುಕ್ ಪೂರ್ತಿ ಮುಚ್ಚಿ, ಆ ಫೈಲ್ ಅನ್ನು ಎಕ್ಸ್‌ಟರ್ನಲ್ ಡಿಸ್ಕ್‌ಗೆ ಕಾಪಿ ಮಾಡಿ. ಎಷ್ಟು ಜಿಬಿ ಇದೆ, ಡೊಮೈನ್‌ನವರು ನಿಮಗೆ ಎಷ್ಟು ಜಿಬಿ ಜಾಗ ಕೊಟ್ಟಿದ್ದಾರೆ, ಎರಡೂ ತಿಳಿಸಿ. ಮುಂದಿನದು ಅದರ ಮೇಲೆ.

ಅದೇ ಮೇಡಂ:
ಟಿಕ್ ತೆಗೆದೆ ಸರ್, ನೀವು ಹೇಳಿದ ಹಾಗೇ 14 ಇತ್ತು! ಫೈಲ್ 11 ಜಿಬಿ ಇದೆ. ಸರ್ವರ್‌ನಲ್ಲಿ ಜಾಗ 5 ಜಿಬಿ ಅಂತೆ. 32 ಜಿಬಿ ಪೆನ್‌ಡ್ರೈವ್ ಖಾಲಿ ಇದೆ, ಆದರೂ ಫೈಲ್ ತುಂಬಾ ದೊಡ್ಡದು ಅಂತ ಬೈಯುತ್ತಿದೆ.

ಉತ್ತರ:
ಪೆನ್‌ಡ್ರೈವ್ ಫ್ಯಾಟ್32 ಅನ್ನುವ ಹಳೇ ಮಾದರಿಯಲ್ಲಿ ಫಾರ್ಮ್ಯಾಟ್ ಆಗಿದೆ. ಅದರಲ್ಲಿ ಎಷ್ಟೇ ಜಾಗ ಇದ್ದರೂ 4 ಜಿಬಿಗಿಂತ ದೊಡ್ಡ ಒಂದು ಫೈಲ್ ಹಿಡಿಯುವುದಿಲ್ಲ. ಎಕ್ಸ್‌ಫ್ಯಾಟ್‌ಗೆ ಫಾರ್ಮ್ಯಾಟ್ ಮಾಡಿ, ಹೇಗೂ ಖಾಲಿ ಇದೆಯಲ್ಲ.

11 ಜಿಬಿ 5ರಲ್ಲಿ ಕೂರುವುದಿಲ್ಲ. ಕೂರಿಸುವ ಅಗತ್ಯವೂ ಇಲ್ಲ. 2015ರ ಮದುವೆ ಕಾರ್ಡಿನ ಪ್ರೂಫ್ ಫೋನ್‌ನಲ್ಲಿ ಯಾಕೆ ಬೇಕು? ಕಳೆದ ಎರಡು ವರ್ಷದ್ದು ಮಾತ್ರ ಸರ್ವರ್‌ಗೆ ಏರಿಸಿ. ಉಳಿದದ್ದು ಪಿಎಸ್‌ಟಿಯಲ್ಲೇ ಇರಲಿ, ಹಳೇ ಲೆಡ್ಜರ್ ಅಟ್ಟದ ಮೇಲೆ ಇಟ್ಟ ಹಾಗೆ. ಬೇಕಾದಾಗ ಔಟ್‌ಲುಕ್‌ನಲ್ಲೇ ತೆರೆದು ಹುಡುಕಬಹುದು.

ಈಗ ಆ ಐದು ನಿಮಿಷದ ಕೆಲಸ. ಪಾಪ್ ಅಕೌಂಟನ್ನೇ ಐಮ್ಯಾಪ್ ಮಾಡುವ ಬಟನ್ ಔಟ್‌ಲುಕ್‌ನಲ್ಲಿ ಇಲ್ಲ, ಹುಡುಕಬೇಡಿ. ಅದೇ ವಿಳಾಸವನ್ನು ಹೊಸ ಅಕೌಂಟ್ ಅಂತ ಮತ್ತೊಮ್ಮೆ ಸೇರಿಸಬೇಕು. ಕೆಲವು ಸಲ "ಈ ವಿಳಾಸ ಆಗಲೇ ಇದೆ" ಅಂತ ತಕರಾರು ಮಾಡುತ್ತದೆ. ಹಾಗಾಗಿ ವಿಂಡೋಸ್‌ನ ಕಂಟ್ರೋಲ್ ಪ್ಯಾನೆಲ್‌ನಲ್ಲಿ ಮೇಲ್ ಅನ್ನುವ ಐಕಾನ್‌ನಿಂದ ಹೋಗಿ, ಮ್ಯಾನ್ಯುಯಲ್ ಸೆಟಪ್ ಆರಿಸಿ, ಐಮ್ಯಾಪ್ ಅಂತ ಕೊಡಿ. ಒಳಬರುವ ಮೇಲ್‌ಗೆ ಪೋರ್ಟ್ (ಸರ್ವರ್‌ನ ಬಾಗಿಲ ನಂಬರ್) 993, ಜೊತೆಗೆ ಎಸ್‌ಎಸ್‌ಎಲ್, ಅಂದರೆ ಬೇರೆಯವರಿಗೆ ಓದಲಾಗದ ಹಾಗೆ ಮುಚ್ಚಿ ಕಳಿಸುವುದು. ಹೊರಹೋಗುವುದಕ್ಕೆ 465 ಇಲ್ಲವೇ 587. ಈಗ ನಿಮ್ಮಲ್ಲಿ ಪಾಪ್‌ನ 110 ಇದ್ದರೆ ಪಾಸ್‌ವರ್ಡ್ ಇಷ್ಟು ದಿನ ಮುಚ್ಚುಮರೆ ಇಲ್ಲದೆ ಓಡಾಡಿರುವ ಸಾಧ್ಯತೆ ಜಾಸ್ತಿ, ಈ ನೆಪದಲ್ಲಿ ಅದನ್ನೂ ಬದಲಿಸಿಬಿಡಿ.

ಎಡಗಡೆ ಈಗ ಎರಡು ಇನ್‌ಬಾಕ್ಸ್ ಕಾಣುತ್ತವೆ. ಹಳೆಯದರಿಂದ ಹೊಸದಕ್ಕೆ ಮೇಲ್ ಎಳೆಯುವಾಗ ಕಂಟ್ರೋಲ್ ಕೀ ಒತ್ತಿ ಹಿಡಿದೇ ಎಳೆಯಿರಿ. ಸುಮ್ನೆ ಎಳೆದರೆ ಕಾಪಿ ಆಗುವುದಿಲ್ಲ, ಮೂವ್ ಆಗುತ್ತದೆ. ನಾನು ಹೊಸಬನಿದ್ದಾಗ ಒಂದು ಆಡಿಟರ್ ಆಫೀಸಿನಲ್ಲಿ ಆರು ಸಾವಿರ ಮೇಲ್ ಹೀಗೇ ಎಳೆದಿದ್ದೆ. ನಡುವೆ ಕರೆಂಟ್ ಹೋಯಿತು, ಯುಪಿಎಸ್ ಎರಡು ಸಲ ಕುಯ್ ಅಂದು ಸತ್ತಿತು. ಅರ್ಧ ಅಲ್ಲಿ, ಅರ್ಧ ಇಲ್ಲಿ. ಯಾವುದು ಹೋಯಿತು, ಯಾವುದು ಉಳಿಯಿತು ಅಂತ ರಾತ್ರಿ ಹನ್ನೊಂದರವರೆಗೆ ಕೂತು ತಾಳೆ ನೋಡಿದ್ದೇನೆ. ಒಂದು ಸಲಕ್ಕೆ ಐನೂರು ಸಾಕು, ಅಂಗಡಿ ಮುಚ್ಚುವಾಗ ಹಚ್ಚಿಟ್ಟು ಹೋಗಿ. ಮೊದಲು ಹತ್ತು ಮೇಲ್ ಏರಿಸಿ ಫೋನ್‌ನಲ್ಲಿ ತಾರೀಖು ನೋಡಿ, ಕೆಲವು ಕಡೆ ಎಲ್ಲದಕ್ಕೂ ಇವತ್ತಿನ ತಾರೀಖು ಬೀಳುವುದುಂಟು. ಸರ್ವರ್‌ನಲ್ಲಿ ಈಗಾಗಲೇ ಇರುವ ಎರಡು ವಾರದ್ದನ್ನು ಬಿಡಿ, ಇಲ್ಲದಿದ್ದರೆ ಜೋಡಿ ಜೋಡಿ ಕಾಣುತ್ತವೆ. ಸೆಂಟ್ ಮರೆಯಬೇಡಿ. ಪಾಪ್‌ನಲ್ಲಿ ಕಳಿಸಿದ್ದರ ಕಾಪಿ ಸರ್ವರ್‌ನಲ್ಲಿ ಉಳಿದೇ ಇಲ್ಲ, ಫೋನ್‌ನಲ್ಲಿ ಪ್ರೂಫ್ ಕಾಣದ್ದು ಅದಕ್ಕೇ.

ಎಲ್ಲ ಏರಿದ ಮೇಲೆ ಹೊಸ ಡೇಟಾ ಫೈಲ್ ಅನ್ನು ಡಿಫಾಲ್ಟ್ ಮಾಡಿ, ಪಾಪ್ ಅಕೌಂಟ್ ತೆಗೆಯಿರಿ. ಪಿಎಸ್‌ಟಿ ಫೈಲ್ ಎಲ್ಲೂ ಹೋಗುವುದಿಲ್ಲ. ಕಾಂಟ್ಯಾಕ್ಟ್, ಕ್ಯಾಲೆಂಡರ್ ಕೂಡ ಅದರಲ್ಲೇ ಉಳಿಯುತ್ತವೆ, ಐಮ್ಯಾಪ್ ಹೊರುವುದು ಮೇಲ್ ಮಾತ್ರ.

ಇನ್ನೊಬ್ಬರು:
ಅಣ್ಣಾ, ನಂದು ಔಟ್‌ಲುಕ್ ಅಲ್ಲ, ಥಂಡರ್‌ಬರ್ಡ್ ಅನ್ನುವ ಮೇಲ್ ಪ್ರೋಗ್ರಾಮ್. ಸೆಟ್ಟಿಂಗ್ಸ್‌ನಲ್ಲಿ ಪಾಪ್‌ನ ಪೋರ್ಟ್ 995 ಇದ್ದದ್ದನ್ನು 993 ಮಾಡಿದೆ, ಸರ್ವರ್ ಹೆಸರೂ ಬದಲಿಸಿದೆ. ಈಗ ಮೇಲೇ ಬರುತ್ತಿಲ್ಲ.

ಉತ್ತರ:
ಮನೆ ನಂಬರ್ ಬದಲಿಸಿದರೆ ಮನೆ ಬದಲಾಗುತ್ತಾ ತಮ್ಮಾ? ಅದು ಇನ್ನೂ ಪಾಪ್ ಭಾಷೆಯಲ್ಲೇ ಮಾತಾಡುತ್ತಿದೆ, ಆ ಕಡೆ ಕೂತವರಿಗೆ ಐಮ್ಯಾಪ್ ಬಿಟ್ಟು ಬೇರೆ ಬರುವುದಿಲ್ಲ. ಎರಡನ್ನೂ ಮೊದಲಿನ ಹಾಗೆ ಮಾಡಿ. ಇಲ್ಲಿಯೂ ಹೊಸ ಅಕೌಂಟೇ ಸೇರಿಸಬೇಕು. ಹಳೇ ಮೇಲ್ ಅನ್ನು ಮೊದಲು ಲೋಕಲ್ ಫೋಲ್ಡರ್ಸ್‌ಗೆ ಕಾಪಿ ಮಾಡಿ, ಅಲ್ಲಿಂದ ಬೇಕಾದಷ್ಟನ್ನು ಐಮ್ಯಾಪ್‌ಗೆ ಏರಿಸಿ. ಅದಕ್ಕೂ ಮುಂಚೆ ಥಂಡರ್‌ಬರ್ಡ್ ತನ್ನ ಮೇಲ್, ಸೆಟ್ಟಿಂಗ್ ಇಡುವ ಪ್ರೊಫೈಲ್ ಫೋಲ್ಡರ್ ಇಡಿಯಾಗಿ ಒಂದು ಕಡೆ ಕಾಪಿ ಇಟ್ಟುಕೊಳ್ಳಿ.

ಮತ್ತೊಬ್ಬರು:
ಜಿಮೇಲ್‌ಗೂ ಹೀಗೇನಾ? ಐಮ್ಯಾಪ್ ಆನ್ ಮಾಡುವ ಬಟನ್ ಮೊದಲು ಇತ್ತು, ಈಗ ಸಿಗುತ್ತಿಲ್ಲ. ಪಾಸ್‌ವರ್ಡ್ ಸರಿ ಇದ್ದರೂ ನಮ್ಮ ಹಳೇ ಔಟ್‌ಲುಕ್ ಒಪ್ಪುತ್ತಿಲ್ಲ.

ಉತ್ತರ:
2025ರ ಜನವರಿಯಿಂದ ಅದನ್ನು ತೆಗೆದಿದ್ದಾರೆ, ಸಾಮಾನ್ಯ ಜಿಮೇಲ್‌ನಲ್ಲಿ ಐಮ್ಯಾಪ್ ಈಗ ಯಾವಾಗಲೂ ಆನ್. ಹಳೇ ಔಟ್‌ಲುಕ್‌ಗೆ ನಿಮ್ಮ ಮಾಮೂಲಿ ಪಾಸ್‌ವರ್ಡ್ ನಡೆಯುವುದಿಲ್ಲ. ಗೂಗಲ್ ಅಕೌಂಟ್‌ನಲ್ಲಿ ಟೂ ಸ್ಟೆಪ್ (ಪಾಸ್‌ವರ್ಡ್ ಜೊತೆ ಇನ್ನೊಂದು ಖಾತ್ರಿ ಕೇಳುವ ವ್ಯವಸ್ಥೆ) ಹಾಕಿ, ಇಂಥ ಪ್ರೋಗ್ರಾಮ್‌ಗೆಂದೇ ಗೂಗಲ್ ಕೊಡುವ 16 ಅಕ್ಷರದ ಆ್ಯಪ್ ಪಾಸ್‌ವರ್ಡ್ ತೆಗೆದು ಅದನ್ನು ಕೊಡಿ. 15 ಜಿಬಿ ಇದೆ ಅಂತ ಖುಷಿಪಡಬೇಡಿ, ಫೋಟೋ, ಡ್ರೈವ್ ಎಲ್ಲ ಅದರಲ್ಲೇ.

ಮೊದಲಿನ ಮೇಡಂ, ನಾಲ್ಕು ದಿನದ ಮೇಲೆ:
ಆಯಿತು ಸರ್! ಫೋನ್‌ನಲ್ಲಿ ಎರಡು ವರ್ಷದ ಪ್ರೂಫ್ ಎಲ್ಲ ಕಾಣುತ್ತಿದೆ. ಮಾವನವರು ಪೆನ್‌ಡ್ರೈವ್ ಅನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದ್ದಾರೆ. ಎರಡು ಡೌಟು. ಫೋನ್‌ನಲ್ಲಿ ಜಾಗ ಕಮ್ಮಿ, ಓದಿದ್ದನ್ನು ಡಿಲೀಟ್ ಮಾಡಲಾ? ಇನ್ನೊಂದು, "ಮದುವೆ ಕಾರ್ಡ್" ಅಂತ ಕನ್ನಡದಲ್ಲಿ ಫೋಲ್ಡರ್ ಮಾಡಿದ್ದೆ, ಡೊಮೈನ್‌ನವರ ವೆಬ್‌ಮೇಲ್‌ನಲ್ಲಿ ಅದು ಏನೇನೋ ಇಂಗ್ಲಿಷ್ ಅಕ್ಷರದಲ್ಲಿ ಬರುತ್ತಿದೆ. ವೈರಸ್ಸಾ?

ಉತ್ತರ:
ಡಿಲೀಟ್ ಮಾಡಬೇಡಿ! ಈಗ ಫೋನ್‌ನಲ್ಲಿ ಅಳಿಸಿದರೆ ಅಂಗಡಿಯಲ್ಲೂ ಅಳಿಸಿದ ಹಾಗೆ. ಫೋನ್‌ನ ಮೇಲ್ ಆ್ಯಪ್‌ನಲ್ಲಿ ಎಷ್ಟು ದಿನದ್ದು ಇಳಿಸಬೇಕು ಅಂತ ಸೆಟ್ಟಿಂಗ್ ಇದ್ದರೆ ಅದನ್ನು ಒಂದು ತಿಂಗಳು ಮಾಡಿ. ಬ್ಯಾಕಪ್‌ಗೆ ಆ ಪೆನ್‌ಡ್ರೈವ್ ಒಂದನ್ನೇ ನಂಬಬೇಡಿ, ಇನ್ನೊಂದು ಕಾಪಿ ಬೇರೆ ಡಿಸ್ಕ್‌ನಲ್ಲಿ ಇರಲಿ.

ಫೋಲ್ಡರ್ ಹೆಸರು ವೈರಸ್ ಅಲ್ಲ. ಆಂಡ್ ಗುರುತು (&), ಆಮೇಲೆ ಡಿ, ಕೆ, 4, ಎಂ ಅಂತ ಶುರುವಾಗುತ್ತಿದೆ ಅಲ್ವಾ? ಅದು "ಮದುವೆ"ಯ ಶುರು. ಐಮ್ಯಾಪ್ ಇಂಗ್ಲಿಷ್ ಅಲ್ಲದ ಫೋಲ್ಡರ್ ಹೆಸರನ್ನು ಹೀಗೆ ಮಡಚಿ ಇಡುತ್ತದೆ, ಔಟ್‌ಲುಕ್ ಬಿಡಿಸಿ ಕನ್ನಡ ತೋರಿಸುತ್ತದೆ, ಕೆಲವು ಹಳೇ ವೆಬ್‌ಮೇಲ್‌ಗಳಿಗೆ ಬಿಡಿಸಲು ಬರುವುದಿಲ್ಲ. ಒಳಗಿನ ಮೇಲ್‌ಗೆ ಏನೂ ಆಗಿಲ್ಲ. ವೆಬ್‌ಮೇಲ್ ಬಳಸುವುದು ಅಪರೂಪ ಅಂದರೆ ಹಾಗೇ ಬಿಡಿ, ಕನ್ನಡದಲ್ಲೇ ಇರಲಿ.