ಅಪ್‌ಡೇಟ್: ಟ್ಯೂಬ್ ಜಾಯಿಂಟ್ ಜಿನುಗಿದ್ದಕ್ಕೆ ಕಾರಣ ಸಿಕ್ಕಿತು

ನಾವು ಹೀಟ್ ಎಕ್ಸ್‌ಚೇಂಜರ್‌ಗೆ ಡೈ ಎಂಬ ಅಚ್ಚಿನ ಮೂಲಕ ಎಳೆದು ಮಾಡಿದ ಸ್ಟೇನ್‌ಲೆಸ್ ಸ್ಟೀಲ್ ಟ್ಯೂಬ್‌ಗಳು ಎಡ್ಡಿ ಕರೆಂಟ್ ಟೆಸ್ಟ್ (ವಿದ್ಯುತ್ ಕಾಯಿಲ್‌ನಿಂದ ಲೋಹದ ದೋಷ ಹುಡುಕುವ ಪರೀಕ್ಷೆ) ಪಾಸಾದರೂ, ಟ್ಯೂಬ್‌ಶೀಟ್‌ನ (ಟ್ಯೂಬ್ ತುದಿಗಳು ಕೂರುವ ತಟ್ಟೆ) ತೂತಿನಲ್ಲಿ ರೋಲ್ ಮಾಡಿ, ಅಂದ್ರೆ ಒಳಗಿನಿಂದ ಹಿಗ್ಗಿಸಿ ಬಿಗಿ ಮಾಡಿದ ಮೇಲೆ ಜಾಯಿಂಟ್‌ನಲ್ಲಿ ನೀರು ಜಿನುಗುತ್ತಿದೆ ಅಂತ ಕೇಳಿದ್ದೆ. ರೋಲಿಂಗ್ ಟಾರ್ಕ್ (ತಿರುಗಿಸುವ ಬಲ) ಕಡಿಮೆಯಿರಬೇಕು ಎಂದು ಸುಮಾರು ಜನ ಹೇಳಿದ್ದಿರಿ. ಹೆಚ್ಚಿಸಿ ನೋಡಿದೆವು, ಸೋರಿಕೆ ನಿಲ್ಲಲಿಲ್ಲ.

ಕೊನೆಗೆ ಒಬ್ಬರು ಹೇಳಿದಂತೆ ಟ್ಯೂಬಿನ ಹೊರಮೈ ಮೇಲೆ ಸುತ್ತಲೂ ಉಗುರು ಆಡಿಸಿದೆ. ಒಂದು ಜಾಗದಲ್ಲಿ ಟಕ್ ಅಂತ ಸಿಕ್ಕಿಕೊಂಡಿತು. ಕೂದಲೆಳೆಯಂಥ ಗೀರು, ಈ ತುದಿಯಿಂದ ಆ ತುದಿವರೆಗೆ! ರೋಲ್ ಮಾಡಿದ ಮೇಲೂ ಅದು ಸಣ್ಣ ಕಾಲುವೆಯಂತೆ ಉಳಿದು ನೀರಿಗೆ ದಾರಿ ಕೊಡುತ್ತಿತ್ತು.

ಟೆಸ್ಟ್ ಯಾಕೆ ಹಿಡಿಯಲಿಲ್ಲ ಅಂದ್ರೆ, ನಮ್ಮದು ಡಿಫರೆನ್ಷಿಯಲ್ ಕಾಯಿಲ್. ಅದು ಅಕ್ಕಪಕ್ಕದ ಎರಡು ಭಾಗಗಳನ್ನು ಹೋಲಿಸಿ ನೋಡುತ್ತದೆ. ಗೀರು ಉದ್ದಕ್ಕೂ ಒಂದೇ ಸಮ ಇದ್ದರೆ ವ್ಯತ್ಯಾಸವೇ ಕಾಣುವುದಿಲ್ಲ. (ಇದು ನನಗೆ ಗೊತ್ತಿರಬೇಕಿತ್ತು, ಅಲ್ವಾ?)

ಡೈ ಬಿಚ್ಚಿದರೆ ಒಳಗೆ ಸ್ಟೀಲ್ ಚೂರು ಅಂಟಿಕೊಂಡಿತ್ತು. ಸ್ಟೇನ್‌ಲೆಸ್‌ನದು ಇದೇ ಗೋಳು, ಲೂಬ್ರಿಕೆಂಟ್ ಪದರ ಹರಿದರೆ ಸಾಕು, ಡೈಗೆ ಕಚ್ಚಿಕೊಳ್ಳುತ್ತದೆ. ಡೈ ಪಾಲಿಶ್ ಮಾಡಿಸಿ, ಎಳೆಯುವ ಮುಂಚೆ ಲೂಬ್ರಿಕೆಂಟ್ ಹಿಡಿದಿಟ್ಟುಕೊಳ್ಳುವ ಆಕ್ಸಲೇಟ್ ಕೋಟಿಂಗ್ ಶುರು ಮಾಡಿದ್ದೇವೆ. ಹೊಸ ಟ್ಯೂಬ್‌ಗಳ ಹೈಡ್ರೋ ಟೆಸ್ಟ್‌ನಲ್ಲಿ (ನೀರಿನ ಒತ್ತಡದ ಪರೀಕ್ಷೆ) ಒಂದು ಜಾಯಿಂಟೂ ಹನಿಯಲಿಲ್ಲ. ಹಳೇ ಲಾಟ್ ಮಾತ್ರ ಪೂರ್ತಿ ಸ್ಕ್ರ್ಯಾಪ್‌ಗೆ ಹೋಯಿತು.